ಚಿಕ್ಕಪ್ಪನ ಸೈಕಲ್ಲಿಗೆ ಯಾವ ಇಂಜಿನ್ ಕಿಟ್?

ಸೈಕಲ್ಲಿಗೆ ಇಂಜಿನ್ ಕೂರಿಸಿಕೊಡಿ ಅಂತ ನಮ್ಮ ಲೇತ್ ಶಾಪಿಗೆ ಬರುವವರೆಲ್ಲ ಮೊದಲು ಕೇಳುವುದು ‘ಎಷ್ಟು ಸ್ಪೀಡ್ ಹೋಗ್ತದೆ?’ ಅಂತ. ನಾನು ಮೊದಲು ಮಾಡುವುದು ಹಿಂದಿನ ಚಕ್ರದ ಕಡ್ಡಿ ಎಣಿಸುವ ಕೆಲಸ. ನೋಡಿದವರಿಗೆ ಇವನಿಗೇನೋ ಆಗಿದೆ ಅನ್ನಿಸಬಹುದು. ಆದರೆ ನಲವತ್ತು ಕಡ್ಡಿಯೋ ಮೂವತ್ತಾರೋ ಎಂಬುದು ಗೊತ್ತಾದರೆ ಯಾವ ಕಿಟ್ ಬೇಡ ಎಂಬುದು ಅಲ್ಲೇ ಅರ್ಧ ತೀರ್ಮಾನವಾಗಿಬಿಡುತ್ತದೆ.

ಈ ಸಲ ಕೇಳಿದವರು ನಮ್ಮ ಚಿಕ್ಕಪ್ಪ. ಸಾಗರದಿಂದ ಹೊಸನಗರದ ಕಡೆ ಹೋಗುವಾಗ ಒಳಗೆ ಸಿಗುವ ಊರು. ಅರವತ್ತು ದಾಟಿದೆ, ಬಲಗಾಲಿನ ಮಂಡಿ ಸವೆದಿದೆ. ದಿನಾ ಎರಡು ಹೊತ್ತು ಹಾಲಿನ ಕ್ಯಾನು ಕ್ಯಾರಿಯರಿಗೆ ಕಟ್ಟಿಕೊಂಡು ಡೇರಿಗೆ ಹೋಗಬೇಕು. ಹೋಗುವಾಗ ಇಳುಕಲು, ಪೆಡಲ್ ತುಳಿಯುವುದೇ ಬೇಡ. ಬರುವಾಗ ಏರು. ನಡುನಡುವೆ ಡೇರಿಯಿಂದ ಹಿಂಡಿ ಮೂಟೆಯನ್ನೂ ಹೇರಿಕೊಂಡು ಬರುತ್ತಾರೆ. ಅದೊಂದೇ 50 ಕೆ.ಜಿ. ಸೈಕಲ್ಲು ಹಳೆಯ ಕಾಲದ ಕಪ್ಪು ಬಣ್ಣದ್ದು, ರಾಡ್ ಬ್ರೇಕು, 28 ಇಂಚಿನ ಚಕ್ರ, ಮೇಲೆ ಅಡ್ಡ ಕಂಬಿ. ಇವತ್ತಿಗೂ ಅದರ ಹ್ಯಾಂಡಲ್ಲು ಅಲ್ಲಾಡುವುದಿಲ್ಲ.

“ಟಿವಿಎಸ್ ಎಕ್ಸ್‌ಎಲ್ ಮೊಪೆಡ್ ತಗೊಳ್ಳಿ ಚಿಕ್ಕಪ್ಪ, ಸುಮ್ಮನೆ ಎಂತಕ್ಕೆ ಇದೆಲ್ಲ” ಅಂದೆ. ಓದುವವರಲ್ಲೂ ಅರ್ಧ ಜನ ಇದನ್ನೇ ಹೇಳುತ್ತಾರೆ ಅಂತ ನನಗೆ ಗೊತ್ತು.

“ಈ ವಯಸ್ಸಲ್ಲಿ ಎಂಟು ಹಾಕಿ ಲೈಸೆನ್ಸ್ ತಗೊಳ್ಳೋಕೆ ನಾ ಬರೋದಿಲ್ಲ ಮಾರಾಯ. ಕಿಟ್ ತರಿಸು. ನಟ್ಟು ಬೋಲ್ಟು ನಿನ್ನ ಹತ್ರ ಇದೆಯಲ್ಲ” ಅಂದರು. ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಯಾವನೋ ಸೈಕಲ್ ಫ್ರೇಮಿನ ನಡುವೆ ಪುಟ್ಟ ಇಂಜಿನ್ ಕೂರಿಸಿ ಹೊಗೆ ಬಿಡುತ್ತಾ ಹೋಗುತ್ತಿದ್ದ.

ಆ ಇಂಜಿನ್ ನನಗೆ ಗೊತ್ತಿತ್ತು. ಚೀನಾದಲ್ಲಿ ತಯಾರಾಗುವ ಟೂ ಸ್ಟ್ರೋಕ್ ಕಿಟ್. ಪೆಟ್ಟಿಗೆಯ ಮೇಲೆ 80 ಸಿಸಿ ಅಂತ ಬರೆದಿರುತ್ತದೆ. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 47 ಎಂಎಂ; ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 38 ಎಂಎಂ; ಲೆಕ್ಕ ಹಾಕಿದರೆ ಸುಮಾರು 66 ಸಿಸಿ. ಉಳಿದ 14 ಸಿಸಿ ಪೆಟ್ಟಿಗೆಯಲ್ಲೇ ಉಳಿದಿರಬೇಕು. ಇಂಜಿನ್ನು, ಕಾರ್ಬುರೇಟರ್, ಕಿಡಿ ಹೊತ್ತಿಸುವ ಸಿಡಿಐ, ಎರಡು ಲೀಟರಿನ ಟ್ಯಾಂಕು, ಕ್ಲಚ್ ಲಿವರ್, 44 ಹಲ್ಲಿನ ದೊಡ್ಡ ಸ್ಪ್ರಾಕೆಟ್ಟು, ದಪ್ಪ ಚೈನು, ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಬರುತ್ತದೆ. ಕ್ಲಚ್ ಹಿಡಿದು ತುಳಿದು, ವೇಗ ಬಂದ ಮೇಲೆ ಕ್ಲಚ್ ಬಿಟ್ಟರೆ ಸ್ಟಾರ್ಟ್. ಸುತ್ತು ಇಳಿಯುವ ಲೆಕ್ಕ ಇಂಜಿನ್ನಿನ ಒಳಗೆ 4.1ಕ್ಕೆ 1, ಹೊರಗೆ 10 ಹಲ್ಲಿನಿಂದ 44 ಹಲ್ಲಿಗೆ, ಒಟ್ಟು ಸುಮಾರು 18ಕ್ಕೆ 1. ಅಂದರೆ ಇಂಜಿನ್ 18 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಇಂಜಿನ್ 5000 ಆರ್‌ಪಿಎಂ, ಅಂದರೆ ನಿಮಿಷಕ್ಕೆ 5000 ಸುತ್ತು, ತಿರುಗಿದರೆ 28 ಇಂಚಿನ ಚಕ್ರದಲ್ಲಿ ಗಂಟೆಗೆ 37 ಕಿ.ಮೀ. ಕಾಗದದ ಮೇಲೆ ಬಹಳ ಚಂದ.

ಈಗ ಕಡ್ಡಿಗೆ ಬರೋಣ. ಆ 44 ಹಲ್ಲಿನ ಸ್ಪ್ರಾಕೆಟ್ಟು ಚಕ್ರದ ನಡುವಿನ ಹಬ್ಬಿಗೆ (ಹಬ್) ಕೂರುವುದಿಲ್ಲ, ಕಡ್ಡಿಗಳಿಗೇ ಕೂರುತ್ತದೆ. ಕಡ್ಡಿಗಳ ಒಳಗೊಂದು ಹೊರಗೊಂದು ರಬ್ಬರ್ ಬಿಲ್ಲೆ ಇಟ್ಟು, ಒಂಬತ್ತು ಬೋಲ್ಟುಗಳಿಂದ ಕಚ್ಚಿಸಿ ಬಿಗಿಯುವುದು. ಒಂಬತ್ತು ಬೋಲ್ಟು ಯಾಕೆಂದರೆ ಆ ಕಿಟ್ ಮಾಡಿದ್ದು 36 ಕಡ್ಡಿಯ ಚಕ್ರಕ್ಕೆ. ನಾಲ್ಕು ಕಡ್ಡಿಗೊಂದು ಬೋಲ್ಟು ಲೆಕ್ಕ ಸರಿಹೋಗುತ್ತದೆ. ನಮ್ಮ ಕಪ್ಪು ಸೈಕಲ್ಲುಗಳದ್ದು ಬ್ರಿಟಿಷರ ಕಾಲದ ಪದ್ಧತಿ, ಮುಂದೆ 32 ಕಡ್ಡಿ, ಹಿಂದೆ 40. ನಲವತ್ತನ್ನು ಒಂಬತ್ತರಿಂದ ಭಾಗಿಸಿ ನೋಡಿ. ಬೋಲ್ಟು ಕಡ್ಡಿಯ ಮೇಲೇ ಬಂದು ಕೂರುತ್ತದೆ, ಇಲ್ಲವೇ ಕಡ್ಡಿಯನ್ನು ಬಗ್ಗಿಸುತ್ತದೆ. ರಂಧ್ರ ಅತ್ತಿತ್ತ ಕೊರೆದು ಹೇಗೋ ಕೂರಿಸಬಹುದು, ಆಗ ಸ್ಪ್ರಾಕೆಟ್ಟು ನಡುವಿಗೆ ಬರುವುದಿಲ್ಲ, ಚೈನು ಒಮ್ಮೆ ಬಿಗಿ ಒಮ್ಮೆ ಸಡಿಲ ಆಗುತ್ತಾ ಕೊನೆಗೆ ಕಳಚಿ ಬೀಳುತ್ತದೆ. ಇನ್ನೊಂದು ತೊಡಕು ರಾಡ್ ಬ್ರೇಕಿನದು. ಹಿಂದಿನ ಬ್ರೇಕಿನ ಕಂಬಿ ಫ್ರೇಮಿನ ಕೆಳಗಿನ ಪೈಪಿನ ಜೊತೆಗೇ ಹಾದು ಪೆಡಲಿನ ಹತ್ತಿರ ತಿರುಗಿ ಹಿಂದೆ ಹೋಗುತ್ತದೆ. ಇಂಜಿನ್ನಿನ ಕ್ಲ್ಯಾಂಪ್ ಕೂರಬೇಕಾದ್ದೂ ಅದೇ ಪೈಪಿಗೆ. ಇಂಜಿನ್ನಿಗೆ ಜಾಗ ಮಾಡಲು ಬ್ರೇಕನ್ನೇ ಬಿಚ್ಚಿಡುವ ಮಹಾನುಭಾವರೂ ಇದ್ದಾರೆ!

ಬ್ರೇಕಿನ ಮಾತು ಬಂತಲ್ಲ. ನಿಲ್ಲಿಸಬೇಕಾದ ಶಕ್ತಿ ವೇಗದ ವರ್ಗದಂತೆ ಏರುತ್ತದೆ. 16 ಕಿ.ಮೀ. ವೇಗದ ಸೈಕಲ್ಲನ್ನು ನಿಲ್ಲಿಸುವುದಕ್ಕೂ 37ರಲ್ಲಿ ಬರುತ್ತಿರುವುದನ್ನು ನಿಲ್ಲಿಸುವುದಕ್ಕೂ ಐದು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಸ್ಟೀಲ್ ರಿಮ್ಮು, ಅದಕ್ಕೊತ್ತುವ ಎರಡು ತುಂಡು ರಬ್ಬರು, ಮೇಲೆ ಆಷಾಢದ ಮಳೆ. ಒದ್ದೆ ಸ್ಟೀಲಿನ ಮೇಲೆ ಬ್ರೇಕ್ ರಬ್ಬರ್ ಹೇಗೆ ಜಾರುತ್ತದೆ ಅಂತ ನಮ್ಮ ಕಡೆ ಸೈಕಲ್ ಹೊಡೆದವರಿಗೆ ಹೇಳಬೇಕಾಗಿಲ್ಲ. ಹಿಂದೆ ಹಾಲಿನ ಕ್ಯಾನು ಬೇರೆ.

ಇಷ್ಟೆಲ್ಲ ಆದ ಮೇಲೂ ಕಾನೂನು ಉಳಿದಿದೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೋಟಾರು ವಾಹನ ಎಂದರೇನು ಅಂತ ಹೇಳುವ ಕಡೆ ಒಂದು ಚಿಕ್ಕ ವಿನಾಯಿತಿ ಇದೆ: ನಾಲ್ಕಕ್ಕಿಂತ ಕಡಿಮೆ ಚಕ್ರ, 25 ಸಿಸಿ ಮೀರದ ಇಂಜಿನ್ ಇದ್ದರೆ ಅದು ಮೋಟಾರು ವಾಹನ ಅಲ್ಲ. 66 ಸಿಸಿ ಕೂರಿಸಿದ ಗಳಿಗೆಯಲ್ಲೇ ಚಿಕ್ಕಪ್ಪನ ಸೈಕಲ್ಲು ನೋಂದಣಿ ಇಲ್ಲದ, ವಿಮೆ ಇಲ್ಲದ ಬೈಕ್ ಆಗುತ್ತದೆ. ಲೈಸೆನ್ಸ್ ಬೇಡ ಅಂತಲೇ ಹೊರಟವರಿಗೆ ಲೈಸೆನ್ಸೂ ಬೇಕಾಗುತ್ತದೆ. ಇದನ್ನು ಹೇಳಿದಾಗ ಅವರು ಸುಮ್ಮನಾದರು. ಕಡ್ಡಿ, ಬ್ರೇಕು ಯಾವುದಕ್ಕೂ ಸುಮ್ಮನಾಗಿರಲಿಲ್ಲ.

ಸುಮ್ಮನಾದದ್ದು ಒಂದು ಲೋಟ ಕಾಫಿಯಷ್ಟು ಹೊತ್ತು. “ಹಂಗಾದ್ರೆ 25 ಸಿಸಿದೇ ಹಾಕು. ಹುಲ್ಲು ಹೊಡೆಯೋ ಮೆಷಿನ್ ಇದೆಯಲ್ಲ ಅಟ್ಟದ ಮೇಲೆ.”

ಮಲೆನಾಡಿನ ತೋಟದ ಮನೆಗಳಲ್ಲಿ ಈಗ ವೀಡ್ ಕಟರ್ ಇಲ್ಲದ ಮನೆ ಕಡಿಮೆ. ನಿಜ ಹೇಳಬೇಕೆಂದರೆ ಈ ಮಾತು ನನಗೂ ಹಿಡಿಸಿತು. ಸೈಕಲ್ ಇಂಜಿನ್ನುಗಳ ಚರಿತ್ರೆಯೇ ಇಂಥ ಬೇರೆ ಕೆಲಸದ ಇಂಜಿನ್ನುಗಳಿಂದ ಶುರುವಾದದ್ದು. ಸೊಯಿಚಿರೊ ಹೋಂಡಾ 1946ರಲ್ಲಿ ಜಪಾನಿನ ಹಮಾಮತ್ಸುವಿನಲ್ಲಿ ಸೈಕಲ್ಲಿಗೆ ಮೊದಲು ಕಟ್ಟಿದ್ದು ಸೈನ್ಯದ ವೈರ್‌ಲೆಸ್ ಸೆಟ್ಟುಗಳಿಗೆ ಕರೆಂಟ್ ಕೊಡುತ್ತಿದ್ದ, ಯುದ್ಧ ಮುಗಿದು ಮೂಲೆ ಸೇರಿದ್ದ ಪುಟ್ಟ ಇಂಜಿನ್ನು. ಪೆಟ್ರೋಲ್ ಟ್ಯಾಂಕಿಗೆ ಹಾಸಿಗೆ ಬೆಚ್ಚಗಿಡುವ ಬಿಸಿನೀರಿನ ಡಬ್ಬಿ. ಅದೇ ವರ್ಷ ಫ್ರಾನ್ಸಿನಲ್ಲಿ ವೆಲೋಸೊಲೆಕ್ಸ್ ಮಾರಾಟಕ್ಕೆ ಬಂತು. ಅದರಲ್ಲಿ ಇಂಜಿನ್ನು ಮುಂದಿನ ಚಕ್ರದ ಮೇಲೆ ಕೂತು ಒಂದು ರೋಲರಿನಿಂದ ಟೈರನ್ನೇ ಉಜ್ಜಿ ತಿರುಗಿಸುತ್ತಿತ್ತು. ನಮ್ಮಲ್ಲಿ 1972ರಲ್ಲಿ ಲೂನಾ, 1980ರಲ್ಲಿ ಟಿವಿಎಸ್ 50 ಬಂದ ಮೇಲೆ ಸೈಕಲ್ಲಿಗೆ ಬೇರೆಯಾಗಿ ಇಂಜಿನ್ ಕಟ್ಟುವ ಗರಜು ಯಾರಿಗೂ ಬೀಳಲಿಲ್ಲ. ಪೆಡಲ್ ಸಮೇತ ಮೊಪೆಡ್ಡೇ ಸಿಗುತ್ತಿತ್ತಲ್ಲ.

ವೀಡ್ ಕಟರಿನ ಲೆಕ್ಕಕ್ಕೆ ಬರುತ್ತೇನೆ. ಅಟ್ಟದಿಂದ ಇಳಿಸಿ ನೋಡಿದರೆ ಅದು 52 ಸಿಸಿ ಟೂ ಸ್ಟ್ರೋಕ್. ಪೇಟೆಯಲ್ಲಿ ಹೆಚ್ಚಾಗಿ ಸಿಗುವುದು 43 ಮತ್ತು 52ರವೇ. ಕಾನೂನಿನ ಗೆರೆಯೊಳಗೆ ಬರುವ ಇಂಜಿನ್ ಇಲ್ಲವೆಂದಲ್ಲ. ಹೋಂಡಾದ ಜಿಎಕ್ಸ್25 ಸರಿಯಾಗಿ 25 ಸಿಸಿ, ಫೋರ್ ಸ್ಟ್ರೋಕ್, ಮೂರು ಕೆ.ಜಿ.ಗಿಂತ ಹಗುರ, ಆಯಿಲ್ ಬೆರೆಸುವ ಗೋಜಿಲ್ಲ. ಆದರೆ ಅದರ ಬಲವಿರುವುದು 7000 ಆರ್‌ಪಿಎಂ ಆಸುಪಾಸಿನಲ್ಲಿ. ಗಂಟೆಗೆ 25 ಕಿ.ಮೀ. ಹೋಗಲು ಚಿಕ್ಕಪ್ಪನ ಚಕ್ರ ನಿಮಿಷಕ್ಕೆ 187 ಸುತ್ತು ಸುತ್ತಿದರೆ ಸಾಕು. 7000ದಿಂದ 187ಕ್ಕೆ ಇಳಿಸಬೇಕೆಂದರೆ 37ಕ್ಕೆ 1. ಚೈನ್ ಮತ್ತು ಸ್ಪ್ರಾಕೆಟ್ಟಿನಲ್ಲಿ ಇದನ್ನು ಮಾಡಲು ಎರಡು ಮೂರು ಹಂತ ಬೇಕು, ಪ್ರತಿ ಹಂತಕ್ಕೂ ಬೇರಿಂಗು, ಶಾಫ್ಟು. ವೆಲೋಸೊಲೆಕ್ಸಿನ ಹಾಗೆ ರೋಲರ್ ಹಾಕಿ ಟೈರ್ ಉಜ್ಜೋಣ ಅಂದರೆ, ನೇರವಾಗಿ ಕೂರಿಸುವ ರೋಲರಿನ ವ್ಯಾಸ 19 ಎಂಎಂ ಬರುತ್ತದೆ. ಕೈಬೆರಳಿನಷ್ಟು ದಪ್ಪದ ಕಂಬಿ! ಅದು ಒದ್ದೆ ಟೈರನ್ನು ಹಿಡಿಯುವುದೂ ಇಲ್ಲ, ಒಣಗಿದ ಟೈರನ್ನು ಉಳಿಸುವುದೂ ಇಲ್ಲ. ಮಳೆಗಾಲದ ಕೆಸರಿನ ರಸ್ತೆಗೆ ರೋಲರ್ ಎಂಬ ಆಲೋಚನೆಯೇ ಬೇಡ.

ಹೀಗೆ ಪೆಟ್ರೋಲಿನ ಕತೆ ಮುಗಿಯಿತು. ಉಳಿದದ್ದು ಬ್ಯಾಟರಿ ಮೋಟಾರು.

ಇದಕ್ಕೂ ಕಾನೂನಿನ ಗೆರೆ ಇದೆ. ಮೋಟಾರಿನ ಮೂವತ್ತು ನಿಮಿಷದ ಶಕ್ತಿ (ಅಷ್ಟು ಹೊತ್ತು ಬಿಡದೆ ಕೊಡಬಲ್ಲ ಶಕ್ತಿ) 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರಬಾರದು. ಆಗ ಅದು ಮೋಟಾರು ವಾಹನ ಅಲ್ಲ. ಈ ಗುಣಗಳನ್ನು ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ, ಉದಾಹರಣೆಗೆ ಪುಣೆಯ ಎಆರ್‌ಎಐ, ದೃಢೀಕರಿಸಿರಬೇಕು ಅಂತಲೂ ನಿಯಮ ಹೇಳುತ್ತದೆ. ಹಾಗಾಗಿ ಕಿಟ್ ಕೊಳ್ಳುವಾಗ ಆ ಕಾಗದ ಇದೆಯೇ ಅಂತ ಬಾಯಿಬಿಟ್ಟು ಕೇಳಿ. 1000 ವ್ಯಾಟ್, 1500 ವ್ಯಾಟ್ ಕಿಟ್‌ಗಳನ್ನು ‘ಲೈಸೆನ್ಸ್ ಬೇಡ ಸಾರ್’ ಅಂತ ಮಾರುವವರ ಮಾತು ಬರೀ ಮಾತು.

ಎಲ್ಲರೂ ಹೇಳುವುದು ಹಬ್ ಮೋಟಾರ್ ಹಾಕಿ ಅಂತ. ಚಕ್ರದ ಹಬ್ಬಿನೊಳಗೇ ಮೋಟಾರು, ಚೈನಿಲ್ಲ, ಸದ್ದಿಲ್ಲ. ಒಳಗೆ ಪುಟ್ಟ ಗೇರುಗಳಿರುವ ಮಾದರಿಯಾದರೆ ಮೂರು ಕೆ.ಜಿ. ಆಸುಪಾಸು, ಬ್ಯಾಟರಿ ಮುಗಿದರೂ ಹಗುರವಾಗಿ ತುಳಿಯಬಹುದು. ಗೇರಿಲ್ಲದ ಡೈರೆಕ್ಟ್ ಡ್ರೈವ್ ಇನ್ನೂ ಭಾರ, ತುಳಿಯುವಾಗ ಹಿಡಿದೆಳೆದಂತೆ ಆಗುತ್ತದೆ. ನನಗೂ ಹಬ್ ಮೋಟಾರಿನ ಮೇಲೆ ಪ್ರೀತಿಯೇ. ಆದರೆ ಮತ್ತೆ ಅದೇ ಕಡ್ಡಿ. ಹಬ್ ಮೋಟಾರುಗಳಿಗೆ ಸಾಮಾನ್ಯವಾಗಿ 36 ತೂತು. ಚಿಕ್ಕಪ್ಪನ ಮುಂದಿನ ರಿಮ್ಮಿಗೆ 32, ಹಿಂದಿನದಕ್ಕೆ 40. ಎರಡಕ್ಕೂ ಕೂರುವುದಿಲ್ಲ. ಕಿಟ್ಟಿನ ಜೊತೆ ಬರುವ 26 ಇಂಚಿನ ಅಲಾಯ್ ರಿಮ್ಮು ಹಾಕೋಣ ಅಂದರೆ ರಾಡ್ ಬ್ರೇಕು ಕೆಲಸಕ್ಕೆ ಬಾರದು. ಆ ಬ್ರೇಕಿನ ರಬ್ಬರು ಒತ್ತುವುದು ರಿಮ್ಮಿನ ಒಳಮೈಗೆ, ಪಕ್ಕಕ್ಕಲ್ಲ. ಬೇರೆ ಬ್ರೇಕ್ ಕೂರಿಸಲು ಫ್ರೇಮಿನಲ್ಲಿ ಜಾಗವೂ ಇಲ್ಲ. ಮುಂದಿನ ಚಕ್ರಕ್ಕೇ ಹಾಕಿದರೋ? ಹಿಂಡಿ ಮೂಟೆಯ ಭಾರವೆಲ್ಲ ಹಿಂದೆ, ಏರಿನಲ್ಲಿ ಜಲ್ಲಿ ಎದ್ದ ಕಡೆ ಮುಂದಿನ ಚಕ್ರ ನಿಂತಲ್ಲೇ ಸುತ್ತುತ್ತದೆ.

ಆಗ ಉಳಿದದ್ದು ನಮ್ಮ ದೇಶದ ಆನ್‌ಲೈನ್ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುವ, ಯಾರೂ ಅಷ್ಟಾಗಿ ಹೊಗಳದ ಕಿಟ್: 24 ವೋಲ್ಟಿನ ಪಿಎಂಡಿಸಿ ಗೇರ್ ಮೋಟಾರ್, ಅಂದರೆ ಒಳಗೆ ಕಾಯಂ ಅಯಸ್ಕಾಂತ, ಕಾರ್ಬನ್ ಬ್ರಷ್ ಇರುವ ಡಿಸಿ ಮೋಟಾರು. ನೋಡಲು ಚಂದವಿಲ್ಲ, ಏರಿನಲ್ಲಿ ಕುಂಯ್ಯೆನ್ನುತ್ತದೆ. ಆದರೆ ಚಕ್ರ, ರಿಮ್ಮು, ಬ್ರೇಕು ಯಾವುದನ್ನೂ ಮುಟ್ಟಬೇಕಾಗಿಲ್ಲ. ಮೋಟಾರನ್ನು ಎಡಗಡೆ ಫ್ರೇಮಿಗೆ ಕಟ್ಟಿ, ಅಲ್ಲಿಂದ ಸಾದಾ ಸೈಕಲ್ ಚೈನಿನಲ್ಲಿ ಹಿಂದಿನ ಹಬ್ಬಿನ ಎಡಗಡೆ ಕೂರಿಸಿದ ಇನ್ನೊಂದು ಫ್ರೀವೀಲಿಗೆ (ಒಂದು ದಿಕ್ಕಿನಲ್ಲಿ ಮಾತ್ರ ಹಿಡಿಯುವ ಹಲ್ಲಿನ ಚಕ್ರ) ಎಳೆಯುವುದು. ಕಾರ್ಬನ್ ಬ್ರಷ್ ಸವೆದರೆ ಸಾಗರದಲ್ಲೇ ಬದಲಿಸಬಹುದು, ಮಿಕ್ಸಿ ರಿಪೇರಿ ಗೊತ್ತಿದ್ದವರಿಗೆ ಅದು ಹೊಸ ಕೆಲಸವಲ್ಲ. ಹಳ್ಳಿಯಲ್ಲಿರುವವರು ಕಿಟ್ ಆರಿಸುವಾಗ ಈ ಪ್ರಶ್ನೆ ಕೇಳಿಕೊಳ್ಳಲೇಬೇಕು: ಕೆಟ್ಟರೆ ಎಷ್ಟು ದೂರ ಹೋಗಬೇಕು?

ಎಡಗಡೆಯ ಫ್ರೀವೀಲಿನಲ್ಲಿ ಒಂದು ಗುಟ್ಟಿದೆ, ಗೊತ್ತಿಲ್ಲದೆ ತಲೆ ಕೆಡಿಸಿಕೊಂಡವರನ್ನು ಕಂಡಿದ್ದೇನೆ. ಸಾಮಾನ್ಯ ಫ್ರೀವೀಲು ಬಲಗಡೆಗೆ ಮಾಡಿದ್ದು. ಅದನ್ನೇ ಹಾಗೇ ಎಡಕ್ಕೆ ಕೂರಿಸಿದರೆ ಎಳೆಯಬೇಕಾದ ದಿಕ್ಕಿನಲ್ಲಿ ಟಿಕಟಿಕ ಅಂತ ಜಾರುತ್ತದೆ, ಜಾರಬೇಕಾದ ದಿಕ್ಕಿನಲ್ಲಿ ಹಿಡಿದುಕೊಳ್ಳುತ್ತದೆ. ಮಗುಚಿ, ಅದರ ಮುಖ ಹಬ್ಬಿನ ಕಡೆಗೆ ಬರುವಂತೆ ಕೂರಿಸಬೇಕು. ಹಾಗೆ ಕೂರಲು ಅಡಾಪ್ಟರ್ ಬೇಕು. ಕಿಟ್ಟಿನಲ್ಲಿ ಬಂದದ್ದು ಹಬ್ಬಿನ ಕೊರಳಿಗೆ ಸಡಿಲವಾಗಿತ್ತು, ನಾನೇ ಲೇತಿನಲ್ಲಿ ಒಂದನ್ನು ತಿರುವಿದೆ. ಥ್ರೆಡ್ 1.37 ಇಂಚು, ಇಂಚಿಗೆ 24 ಸುತ್ತು. ಎಡಗಡೆ ಜಾಗ ಸಾಲದ್ದಕ್ಕೆ ಉದ್ದನೆಯ ಆಕ್ಸಲ್ ಹಾಕಿ, ಫ್ರೇಮಿನ ಹಿಂದಿನ ಕಾಲುಗಳನ್ನು ಚೂರು ಅಗಲಿಸಿದೆ. ಹಳೆಯ ಸ್ಟೀಲ್ ಫ್ರೇಮು ಇದಕ್ಕೆಲ್ಲ ಒಗ್ಗುತ್ತದೆ. ಅಲಾಯ್ ಫ್ರೇಮಿನಲ್ಲಿ ಈ ಸಾಹಸ ಬೇಡವೇ ಬೇಡ, ಬಿರುಕು ಬಿಡುತ್ತದೆ.

ಇನ್ನು ಏರಿನ ಲೆಕ್ಕ. ಒಂದು ಮೀಟರ್ ಉದ್ದದ ಹಲಗೆಯನ್ನು ರಸ್ತೆಯ ಮೇಲಿಟ್ಟು, ಮಟ್ಟಗೋಲು ನೋಡಿ ಕೆಳಗಿನ ತುದಿಯನ್ನು ಎತ್ತಿ ಸಮ ಮಾಡಿ, ಆ ತುದಿಗೂ ನೆಲಕ್ಕೂ ಇರುವ ಅಂತರ ಅಳೆದೆ. ಚಿಕ್ಕಪ್ಪನ ಮನೆಯ ಏರಿನಲ್ಲಿ ಏಳು ಸೆಂಟಿಮೀಟರ್, ಅಂದರೆ ನೂರಕ್ಕೆ ಏಳು. ಮೊಬೈಲಿನಲ್ಲೂ ಇದನ್ನು ಅಳೆಯಬಹುದು, ನನಗೆ ಹಲಗೆಯ ಮೇಲೆ ನಂಬಿಕೆ ಜಾಸ್ತಿ. ಚಿಕ್ಕಪ್ಪ 60 ಕೆ.ಜಿ., ಸೈಕಲ್ಲು 22, ಮೋಟಾರು ಬ್ಯಾಟರಿ ಸೇರಿ 8. ಈ 90 ಕೆ.ಜಿ.ಯನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ಏರಿಸಲು 200 ವ್ಯಾಟ್ ಸಾಕು. ಹಿಂಡಿ ಮೂಟೆ ಸೇರಿದರೆ 310 ದಾಟುತ್ತದೆ. ಮೋಟಾರಿನ ಕೈಯಲ್ಲಿ ಆಗದ ಭಾಗವನ್ನು ಚಿಕ್ಕಪ್ಪನ ಮಂಡಿ ಕೊಡಬೇಕು. ಹಾಗಾಗಿ ಮೂಟೆ ಆಟೋದಲ್ಲಿ ಬರಲಿ ಅಂತ ಮಾತಾಯಿತು. ಒಪ್ಪಿದ್ದಾರೆ. ಪಾಲಿಸುತ್ತಾರೆ ಅಂತ ಚಿಕ್ಕಮ್ಮನಿಗೆ ನಂಬಿಕೆ ಇಲ್ಲ.

ವ್ಯಾಟ್ ಎಷ್ಟೇ ಇದ್ದರೂ ಹಲ್ಲು ಸರಿಯಿಲ್ಲದಿದ್ದರೆ ದಂಡ. ಗೇರ್ ದಾಟಿ ಹೊರಗೆ ಬರುವಾಗ ಈ ಮೋಟಾರು ನಿಮಿಷಕ್ಕೆ ಸುಮಾರು 300 ಸುತ್ತು. ಮೋಟಾರಿನ ಕಡೆ 9 ಹಲ್ಲು, ಚಕ್ರದ ಕಡೆ ಕಿಟ್ಟಿನಲ್ಲಿ ಬರುವ 18 ಹಲ್ಲು ಇಟ್ಟರೆ ವೇಗ ಗಂಟೆಗೆ 20 ಕಿ.ಮೀ. ಬಯಲುಸೀಮೆಗೆ ಅದು ಸರಿ. ನಮ್ಮ ಏರಿನಲ್ಲಿ ಮೋಟಾರು ಅರ್ಧ ವೇಗಕ್ಕೆ ಇಳಿದು ತೆವಳುತ್ತದೆ. ಆಗ ಅದು ಎಳೆದುಕೊಳ್ಳುವ ಕರೆಂಟಿನ ದೊಡ್ಡ ಪಾಲು ಬಿಸಿಯಾಗಿ ಹೋಗುತ್ತದೆ, ವೈಂಡಿಂಗ್ ಸುಟ್ಟ ವಾಸನೆ ಬರುವುದು ಹೀಗೆ. ಅದಕ್ಕೆ 22 ಹಲ್ಲಿನ ಫ್ರೀವೀಲು ಹಾಕಿದೆ. ವೇಗ 16ಕ್ಕೆ ಇಳಿಯಿತು, ಎಳೆತ ಹೆಚ್ಚಿತು. ಡೇರಿಗೆ ಹೋಗುವ ಹಾಲಿಗೆ ಅದಕ್ಕಿಂತ ವೇಗ ಯಾಕೆ?

ಬ್ಯಾಟರಿಯಲ್ಲಿ ಉಳಿಸಲು ಹೋಗಬೇಡಿ. ಯುಪಿಎಸ್‌ಗೆ ಹಾಕುವ 12 ವೋಲ್ಟ್ 7 ಎಎಚ್‌ನ ಎರಡು ಲೆಡ್ ಆಸಿಡ್ ಬ್ಯಾಟರಿ ಎಲ್ಲಾ ಕಡೆ ಸಿಗುತ್ತವೆ, ಅಗ್ಗ ಕೂಡ. ಆದರೆ ಆ 7 ಎಎಚ್ (ಆಂಪಿಯರ್ ಅವರ್) ಎನ್ನುವುದು ಇಪ್ಪತ್ತು ಗಂಟೆ ನಿಧಾನವಾಗಿ ಖಾಲಿ ಮಾಡಿದಾಗಿನ ಲೆಕ್ಕ. ಮೋಟಾರು ಏರಿನಲ್ಲಿ 13 ಆಂಪಿಯರ್ ಎಳೆದರೆ ಕೈಗೆ ಸಿಗುವುದು ಅದರಲ್ಲಿ ಒಂದು ಪಾಲು ಮಾತ್ರ. ನಾವು ತೆಗೆದುಕೊಂಡದ್ದು ಲಿಥಿಯಂ ಐರನ್ ಫಾಸ್ಫೇಟ್, ಎಂಟು ಸೆಲ್ಲಿನದು, 25.6 ವೋಲ್ಟ್ 12 ಎಎಚ್, ಅಂದರೆ 307 ವ್ಯಾಟ್ ಅವರ್. ಬೇರೆ ಲಿಥಿಯಂ ಬ್ಯಾಟರಿಗಳಿಗಿಂತ ತುಸು ಭಾರ, ಆದರೆ ಬೆಂಕಿಯ ಹೆದರಿಕೆ ಕಡಿಮೆ, ಬಾಳಿಕೆ ಹೆಚ್ಚು. ಕೊಟ್ಟಿಗೆಯ ಪಕ್ಕ, ಒಣಹುಲ್ಲಿನ ಹತ್ತಿರ ಚಾರ್ಜಿಗೆ ಇಡುವ ಮನೆಗಳಿಗೆ ಅದು ಮುಖ್ಯ. ತುಳಿತವೂ ಸೇರಿದರೆ ಕಿ.ಮೀ.ಗೆ 12 ವ್ಯಾಟ್ ಅವರ್ ಅಂದುಕೊಂಡರೂ 25 ಕಿ.ಮೀ. ಓಡುತ್ತದೆ. ಡೇರಿಗೆ ಹೋಗಿ ಬರಲು ಅದರ ಕಾಲುಭಾಗವೂ ಬೇಡ. ಮಳೆಗಾಲದಲ್ಲಿ ಎರಡು ದಿನ ಕರೆಂಟು ಹೋದರೂ ಹಾಲು ನಿಲ್ಲುವುದಿಲ್ಲ.

ಕಿಟ್ಟಿನಲ್ಲಿ ಬರುವ ಬ್ರೇಕ್ ಲಿವರುಗಳನ್ನು ಹಾಗೇ ಎತ್ತಿಟ್ಟೆ. ಬ್ರೇಕ್ ಹಿಡಿದ ಕೂಡಲೇ ಮೋಟಾರ್ ನಿಲ್ಲಿಸುವ ಸ್ವಿಚ್ಚು ಅವುಗಳ ಒಳಗಿರುತ್ತದೆ, ಆದರೆ ಅವು ವಯರ್ ಬ್ರೇಕಿಗೆ ಮಾಡಿದವು. ರಾಡ್ ಬ್ರೇಕಿಗೆ ಉಪಾಯ ಸಿಕ್ಕಿದ್ದು ಮೊಪೆಡ್ಡಿನಲ್ಲಿ. ಹಿಂದಿನ ಬ್ರೇಕ್ ತುಳಿದಾಗ ಕೆಂಪು ಲೈಟು ಹೊತ್ತಿಸುವ, ಸ್ಪ್ರಿಂಗ್ ಎಳೆಯುವ ಸ್ವಿಚ್ಚು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಪುಡಿಗಾಸಿಗೆ ಸಿಗುತ್ತದೆ. ಅದನ್ನು ಬ್ರೇಕ್ ಕಂಬಿಗೆ ಸಿಕ್ಕಿಸಿ, ಎರಡು ವಯರನ್ನು ಮೋಟಾರಿಗೆ ಕರೆಂಟ್ ಹತೋಟಿಯಲ್ಲಿ ಕೊಡುವ ಕಂಟ್ರೋಲರಿನ ಬ್ರೇಕ್ ಪಾಯಿಂಟಿಗೆ ಕೊಟ್ಟೆ. ಈ ಸ್ವಿಚ್ಚಿಲ್ಲದೆ ಯಾರೂ ಎಕ್ಸಲರೇಟರ್ ಇರುವ ಸೈಕಲ್ ಓಡಿಸಬಾರದು. ಕಂಟ್ರೋಲರ್ ಡಬ್ಬಿಯನ್ನು ಸೀಟಿನ ಕೆಳಗೆ, ವಯರು ಹೊರಬರುವ ಬಾಯಿ ಕೆಳಮುಖವಾಗಿರುವಂತೆ ಕಟ್ಟಿದ್ದೇನೆ. ವಯರುಗಳು ಒಳಹೋಗುವ ಮುನ್ನ ಒಮ್ಮೆ ಕೆಳಗಿಳಿದು ಮೇಲೇರುವಂತೆ ಬಗ್ಗಿಸಿದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಡಬ್ಬಿಯೊಳಗೆ ಹೋಗುವುದಿಲ್ಲ.

ಈಗ ಪಕ್ಕದ ಮನೆಯ ಹುಡುಗ ಬಂದಿದ್ದಾನೆ, “ಅಣ್ಣಾ, ಚಿಕ್ಕಪ್ಪಂಗೆ ಹಾಕಿದ್ದನ್ನೇ ನಂಗೂ ಹಾಕಿಕೊಡಿ” ಅಂತ. ಅವನದು 26 ಇಂಚಿನ ಗೇರ್ ಸೈಕಲ್ಲು, ಮುಂದೆ ಹಿಂದೆ ಡಿಸ್ಕ್ ಬ್ರೇಕು, ಸ್ಟೀಲ್ ಫ್ರೇಮು. ಕಡ್ಡಿ ಎಣಿಸಿದೆ, 36. ನಿನಗೆ ಹಬ್ ಮೋಟಾರೇ ಸರಿ ಕಣೋ ಅಂದೆ. ಹಿಂದಿನ ಚಕ್ರಕ್ಕೆ, 250 ವ್ಯಾಟಿನ ಗೆರೆಯೊಳಗಿನದು, 36 ವೋಲ್ಟ್, ಒಳಗೆ ಗೇರಿರುವುದು, ಡಿಸ್ಕ್ ಕೂರುವ ಜಾಗ ಇರುವುದು. ಆರ್ಡರ್ ಮಾಡುವ ಮೊದಲು ಹಿಂದಿನ ಫೋರ್ಕಿನ ಒಳ ಅಗಲ 135 ಎಂಎಂ ಇದೆಯೇ ಅಂತ ಅಳೆದು ಬಾ, ಟಾರ್ಕ್ ಆರ್ಮ್ (ಮೋಟಾರಿನ ಆಕ್ಸಲ್ ತಿರುಗದಂತೆ ಹಿಡಿಯುವ ಪಟ್ಟಿ) ಕೊಡದ ಕಿಟ್ ತರಿಸಬೇಡ ಅಂತ ಹೇಳಿ ಕಳಿಸಿದ್ದೇನೆ.